ಗಡಿಪಾರಿನ ಗದ್ದಲ, ನೀತಿಯ ಬರ

ಅಕ್ರಮ ವಲಸೆಯ ಮಾತು ಬಂದಾಗಲೆಲ್ಲ ನಮ್ಮಲ್ಲಿ ಒಂದೇ ಉತ್ತರ ಸಿದ್ಧವಾಗಿರುತ್ತದೆ: ಹುಡುಕಿ, ಹಿಡಿಯಿರಿ, ಗಡಿಯಾಚೆ ದಬ್ಬಿ. ಟಿ.ವಿ. ಚರ್ಚೆಗೆ ಬರುವ ನಿವೃತ್ತ ಅಧಿಕಾರಿ ಇದನ್ನೇ ಹೇಳುತ್ತಾರೆ. ಚುನಾವಣಾ ವೇದಿಕೆ ಹತ್ತಿದ ಪುಢಾರಿ ಇದನ್ನೇ ಕೂಗುತ್ತಾನೆ. ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ, ಬೆಳಗಿನ ವಾಕಿಂಗ್‌ನಲ್ಲಿ, ದರ್ಶಿನಿಯ ಕಾಫಿ ಲೋಟದ ಎದುರಿನಲ್ಲಿ ಇದೇ ಮಾತು. ಇಷ್ಟು ಸರಳವಾದ ಕೆಲಸವನ್ನು ಸರ್ಕಾರಗಳು ಮಾಡದೆ ಬಿಟ್ಟಿರುವುದು ವೋಟಿನ ಆಸೆಯಿಂದ ಎಂಬುದು ಇದರ ಹಿಂದಿರುವ ನಂಬಿಕೆ. ಭಾರತ ಧರ್ಮಶಾಲೆಯಲ್ಲ ಎಂಬ ಮಾತು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಪೀಠದಿಂದಲೇ ಕೇಳಿಬಂದ ಮೇಲಂತೂ ಈ ವಾದಕ್ಕೆ ದೊಡ್ಡ ಮುದ್ರೆಯೇ ಬಿದ್ದಂತಾಯಿತು.

ಒಪ್ಪೋಣ, ಭಾರತ ಧರ್ಮಶಾಲೆಯಲ್ಲ. ಆದರೆ ಧರ್ಮಶಾಲೆಯಲ್ಲೂ ಬಾಗಿಲ ಬಳಿ ಒಂದು ಪುಸ್ತಕ ಇರುತ್ತದೆ. ಬಂದವರು ಯಾರು, ಯಾವೂರಿನವರು, ಏಕೆ ಬಂದರು, ಎಷ್ಟು ದಿನ ಇರುತ್ತಾರೆ ಎಂದು ಬರೆದುಕೊಂಡ ಮೇಲೆಯೇ ಕೋಣೆ. ನಮ್ಮ ದೇಶದ ಹತ್ತಿರ ಆ ಪುಸ್ತಕವೇ ಇಲ್ಲ. ಪುಸ್ತಕ ಇಡದೆ ದೊಣ್ಣೆ ಹಿಡಿದು ನಿಂತಿದ್ದೇವೆ. ಅದನ್ನೇ ನೀತಿ ಎಂದು ಕರೆಯುತ್ತಿದ್ದೇವೆ. ಹುಡುಕಿ ಹೊರಗಟ್ಟುವ ಕಾರ್ಯಕ್ರಮ ಅಮಾನವೀಯ ಎಂದು ಬರೆದವರು ಬಹಳ ಮಂದಿ ಇದ್ದಾರೆ. ನನ್ನ ತಕರಾರು ಅದಕ್ಕಿಂತ ಒರಟಾದದ್ದು: ಅಕ್ರಮ ವಲಸೆಯನ್ನು ತಡೆಯುವ ಒಂದೇ ಒಂದು ಕೆಲಸಕ್ಕೆಂದು ಹುಟ್ಟಿದ ಈ ಕಾರ್ಯಕ್ರಮ ಆ ಕೆಲಸದಲ್ಲೇ ಸೋತಿದೆ.

ಮೊದಲು ಲೆಕ್ಕ ನೋಡೋಣ. ದೇಶದಲ್ಲಿ ಎಷ್ಟು ಮಂದಿ ಅಕ್ರಮ ಬಾಂಗ್ಲಾದೇಶಿಯರಿದ್ದಾರೆ? 2004ರಲ್ಲಿ ಆಗಿನ ಕಾಂಗ್ರೆಸ್ ಸರ್ಕಾರದ ಗೃಹ ಖಾತೆ ರಾಜ್ಯ ಸಚಿವರು ಸಂಸತ್ತಿನಲ್ಲಿ 1 ಕೋಟಿ 20 ಲಕ್ಷ ಎಂದರು. ಸ್ವಲ್ಪ ದಿನಕ್ಕೇ ಆ ಅಂಕಿ ಕೇಳಿದ ಮಾತಿನ ಮೇಲೆ ನಿಂತದ್ದು, ನಂಬುವಂಥದ್ದಲ್ಲ ಎಂದು ಅವರೇ ಹಿಂದೆ ಸರಿದರು. 2016ರಲ್ಲಿ ಬಿಜೆಪಿ ಸರ್ಕಾರದ ಗೃಹ ಖಾತೆ ರಾಜ್ಯ ಸಚಿವರು ಅದೇ ಸಂಸತ್ತಿನಲ್ಲಿ 2 ಕೋಟಿ ಎಂದರು. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಪ್ರಮಾಣಪತ್ರದಲ್ಲಿ ಬೇರೆಯದನ್ನೇ ಹೇಳಿತು: ಕದ್ದುಮುಚ್ಚಿ ಬಂದವರ ನಿಖರ ಲೆಕ್ಕ ಸಿಗುವುದು ಸಾಧ್ಯವಿಲ್ಲ. ಜನಗಣತಿಯಲ್ಲಿ ತಾವು ಬಾಂಗ್ಲಾದೇಶದಿಂದ ಬಂದವರು ಎಂದು ಹೇಳಿಕೊಂಡವರು 2001ರಲ್ಲಿ ಸುಮಾರು 30 ಲಕ್ಷ ಇದ್ದರೆ 2011ರಲ್ಲಿ ಸುಮಾರು 23 ಲಕ್ಷ ಇದ್ದರು. ದೇಶ ವಿಭಜನೆಯಾದಾಗ, 1971ರ ಯುದ್ಧವಾದಾಗ ಬಂದ ಹಿಂದೂ ನಿರಾಶ್ರಿತರೂ ಅದರಲ್ಲೇ ಸೇರಿದ್ದಾರೆ. ಜನಗಣತಿಯವರ ಮುಂದೆ ಸುಳ್ಳು ಹೇಳುವವರಿರುತ್ತಾರೆ, ನಿಜ. ಆದರೆ 23 ಲಕ್ಷದಿಂದ 2 ಕೋಟಿಗೆ ಏರಲು ಎಷ್ಟು ಸುಳ್ಳು ಬೇಕು ಎಂಬುದನ್ನು ಯಾರೂ ವಿವರಿಸಿಲ್ಲ.

2 ಕೋಟಿಯನ್ನೇ ಒಪ್ಪಿಕೊಳ್ಳೋಣ. ಅದೇ ಪ್ರಮಾಣಪತ್ರದ ಪ್ರಕಾರ 2017ರಿಂದ 2022ರವರೆಗೆ ದೇಶದಿಂದ ಗಡಿಪಾರಾದ ಎಲ್ಲ ದೇಶದ ವಿದೇಶಿಯರ ಸಂಖ್ಯೆ 14,346. ವರ್ಷಕ್ಕೆ 2,400ರ ಹತ್ತಿರ. ಈ ವೇಗದಲ್ಲಿ 2 ಕೋಟಿ ಜನರನ್ನು ಹೊರಗೆ ಹಾಕಲು ಎಂಟು ಸಾವಿರ ವರ್ಷ ಬೇಕು. 2025ರ ಮೇ ನಂತರ ಗಡಿಯಲ್ಲಿ ರಾತ್ರೋರಾತ್ರಿ ದಬ್ಬುವ ಕೆಲಸಕ್ಕೆ ಬಿರುಸು ಬಂದಿದೆ, ಆಗಲಿ. ವೇಗ ಹತ್ತುಪಟ್ಟು ಹೆಚ್ಚಿದರೂ ಎಂಟುನೂರು ವರ್ಷ. ಇದನ್ನು ಕಾರ್ಯಕ್ರಮ ಎಂದು ವೇದಿಕೆಯಲ್ಲಿ ಮಂಡಿಸುವವರು ಒಮ್ಮೆಯಾದರೂ ಭಾಗಾಕಾರ ಮಾಡಿ ನೋಡಿದ್ದಾರೆಯೇ?

ಅಸ್ಸಾಂ ಈ ನೀತಿಯ ಪ್ರಯೋಗಶಾಲೆ. ಅಲ್ಲಿನವರ ಆತಂಕವನ್ನು ಲಘುವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ, ಕನ್ನಡಿಗರಿಗಂತೂ ಇಲ್ಲವೇ ಇಲ್ಲ. ತಮ್ಮ ನೆಲದಲ್ಲಿ ತಮ್ಮ ಭಾಷೆ ಹಿಂದೆ ಬೀಳುತ್ತದೆ ಎಂಬ ಭಯ ಎಂಥದ್ದೆಂದು ನಮಗೆ ಗೊತ್ತು. 1979ರಿಂದ ಆರು ವರ್ಷ ಹೋರಾಡಿ ಅವರು ಪಡೆದದ್ದು 1985ರ ಆಗಸ್ಟ್ 15ರ ಅಸ್ಸಾಂ ಒಪ್ಪಂದ. 1971ರ ಮಾರ್ಚ್ 24ರ ನಂತರ ಬಂದವರನ್ನು ಹೊರಹಾಕಬೇಕು ಎಂದು ಅದರಲ್ಲಿ ಬರೆದಿತ್ತು. ಅದನ್ನು ಜಾರಿಗೆ ತರುವ ಕೊನೆಯ ಅಸ್ತ್ರವಾಗಿ ಸುಪ್ರೀಂ ಕೋರ್ಟಿನ ಉಸ್ತುವಾರಿಯಲ್ಲಿ ಪೌರತ್ವ ನೋಂದಣಿ, ಎಂದರೆ ಎನ್ಆರ್‌ಸಿ ನಡೆಯಿತು. ಸಾವಿರ ಕೋಟಿಗೂ ಮಿಕ್ಕ ಖರ್ಚು, 3 ಕೋಟಿ 30 ಲಕ್ಷ ಅರ್ಜಿ. ಅಜ್ಜನ ಕಾಲದ ಕಾಗದ ಹುಡುಕಿಕೊಂಡು ಇಡೀ ರಾಜ್ಯವೇ ಸಾಲಿನಲ್ಲಿ ನಿಂತಿತು. 2019ರ ಆಗಸ್ಟ್ 31ರಂದು ಅಂತಿಮ ಪಟ್ಟಿ ಬಂದಾಗ 19,06,657 ಮಂದಿಯ ಹೆಸರು ಅದರಲ್ಲಿರಲಿಲ್ಲ. ಬಿಟ್ಟುಹೋದವರಲ್ಲಿ ಹಿಂದೂಗಳೂ ಲಕ್ಷಗಟ್ಟಲೆ ಇದ್ದಾರೆ ಎಂದು ಗೊತ್ತಾದ ಮೇಲೆ, ಎನ್ಆರ್‌ಸಿಗಾಗಿ ಗಂಟಲು ಹರಿದುಕೊಂಡಿದ್ದ ಪಕ್ಷವೇ ಆ ಪಟ್ಟಿ ಸರಿಯಿಲ್ಲ ಎಂದಿತು. ಪಟ್ಟಿಗೆ ಸರ್ಕಾರದ ಅಧಿಸೂಚನೆ ಹೊರಡಲಿಲ್ಲ. ಹೆಸರು ಬಿಟ್ಟುಹೋದವರಿಗೆ ಏಕೆ ಬಿಟ್ಟಿದ್ದೇವೆ ಎಂಬ ಚೀಟಿ ವರ್ಷಗಳು ಕಳೆದರೂ ಕೈಸೇರಲಿಲ್ಲ. ಚೀಟಿ ಇಲ್ಲದೆ ಮೇಲ್ಮನವಿ ಇಲ್ಲ. 19 ಲಕ್ಷ ಜನ ಅತ್ತ ವಿದೇಶಿಯರೂ ಆಗದೆ ಇತ್ತ ಭಾರತೀಯರೂ ಆಗದೆ ನಡುವೆ ನಿಂತರು.

ಯಾರು ವಿದೇಶಿ ಎಂದು ತೀರ್ಮಾನಿಸುವ ಅಲ್ಲಿನ ವಿದೇಶಿಯರ ನ್ಯಾಯಮಂಡಳಿಗಳ ಕಥೆ ಇನ್ನೊಂದು. ಮೂವತ್ತು ವರ್ಷ ಸೈನ್ಯದಲ್ಲಿ ದುಡಿದು ನಿವೃತ್ತರಾದವರೊಬ್ಬರನ್ನು 2019ರಲ್ಲಿ ವಿದೇಶಿ ಎಂದು ಘೋಷಿಸಿ ಬಂಧನ ಕೇಂದ್ರಕ್ಕೆ ಕಳಿಸಿದರು. ಅವರನ್ನು ಬಿಡಿಸಲು ಗುವಾಹಟಿ ಹೈಕೋರ್ಟೇ ಬೇಕಾಯಿತು. ನಲ್ಬಾರಿ ಜಿಲ್ಲೆಯ ಇನ್ನೊಬ್ಬರನ್ನು 2012ರಲ್ಲಿ ವಿದೇಶಿ ಎಂದು ತೀರ್ಮಾನಿಸಲಾಗಿತ್ತು. ಅವರು ಭಾರತೀಯ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2024ರ ಜುಲೈನಲ್ಲಿ. ಅಷ್ಟು ಹೊತ್ತಿಗೆ ಅವರು ತೀರಿಹೋಗಿದ್ದರು. ಹೆಸರಿನ ಕಾಗುಣಿತದ ವ್ಯತ್ಯಾಸ, ದಿನಾಂಕದ ಸಣ್ಣ ಏರುಪೇರು ಹಿಡಿದು ಒಬ್ಬನ ಪೌರತ್ವ ಕಿತ್ತುಕೊಳ್ಳುವಂತಿಲ್ಲ, ಏನೂ ಪುರಾವೆ ಇಲ್ಲದೆ ದಾರಿಹೋಕನನ್ನು ನಿಲ್ಲಿಸಿ ನಿನ್ನ ಪೌರತ್ವ ಸಾಬೀತು ಮಾಡು ಎನ್ನುವಂತಿಲ್ಲ ಎಂದು ಆ ತೀರ್ಪು ಸ್ಪಷ್ಟವಾಗಿ ಹೇಳಿತು. ಇಷ್ಟಾದ ಮೇಲೂ 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ, 1946ರ ಬ್ರಿಟಿಷರ ಕಾಲದ ಕಾಯ್ದೆಯ ಹಳೆಯ ಸೂತ್ರವನ್ನೇ ಎತ್ತಿಟ್ಟುಕೊಂಡಿದೆ: ತಾನು ವಿದೇಶಿಯಲ್ಲ ಎಂದು ತೋರಿಸುವ ಹೊಣೆ ಆರೋಪಕ್ಕೆ ಗುರಿಯಾದವನದೇ. ನಾಲ್ಕು ಹಳೆ ಕಾಯ್ದೆ ರದ್ದು ಮಾಡಿ ಒಂದು ಹೊಸ ಕಾಯ್ದೆ ತಂದವರು ಶಿಕ್ಷೆ, ದಂಡ ಹೆಚ್ಚಿಸಿದರು. ನಿರಾಶ್ರಿತರು ಎಂಬ ವರ್ಗ ಅದರಲ್ಲಿ ಇಲ್ಲವೇ ಇಲ್ಲ.

ಬೇಟೆ ಶುರುವಾದರೆ ಮೊದಲು ಸಿಗುವವನು ಓಡಲಾರದವನು. 2020ರ ಜನವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರಿನ ಹತ್ತಿರ ಕರಿಯಮ್ಮನ ಅಗ್ರಹಾರದಲ್ಲಿ ನಡೆದದ್ದು ಅದೇ. ಅಕ್ರಮ ಬಾಂಗ್ಲಾದೇಶಿಯರ ಅಡ್ಡೆ ಎಂದು ಒಂದು ವಿಡಿಯೊ ಓಡಾಡಿತು. ವಾರ ಕಳೆಯುವಷ್ಟರಲ್ಲಿ ಜೆಸಿಬಿ ಬಂದು ಶೆಡ್ಡುಗಳನ್ನು ನೆಲಸಮ ಮಾಡಿತು. ಬೀದಿಗೆ ಬಿದ್ದವರು ಯಾರು ಎಂದು ನೋಡಿದರೆ ಅಸ್ಸಾಂ, ತ್ರಿಪುರಾ, ಪಶ್ಚಿಮ ಬಂಗಾಳದವರ ಜೊತೆಗೆ ನಮ್ಮದೇ ಉತ್ತರ ಕರ್ನಾಟಕದಿಂದ ಗುಳೆ ಬಂದ ಕೂಲಿಗಳು. ಜೋಳದ ರೊಟ್ಟಿ ತಟ್ಟುವ ಹೆಣ್ಣುಮಗಳೂ ಆ ದಿನದ ಮಟ್ಟಿಗೆ ಬಾಂಗ್ಲಾದೇಶಿಯಾದಳು. ಹೈಕೋರ್ಟ್ ತಡೆ ಕೊಟ್ಟಿತು, ಪುನರ್ವಸತಿಯ ಹೊಣೆಯನ್ನು ಸರ್ಕಾರಕ್ಕೆ ನೆನಪಿಸಿತು. ಒಡೆದ ಸಾಮಾನು ಮಾತ್ರ ಒಡೆದೇ ಹೋಗಿತ್ತು.

2025ರ ಜೂನ್‌ನಲ್ಲಿ ದೆಹಲಿಯಲ್ಲಿ ನಡೆದದ್ದು ಇನ್ನೂ ಘೋರ. ಬಂಗಾಳದ ಬೀರಭೂಮ್ ಜಿಲ್ಲೆಯಿಂದ ಬಂದು ಗುಜರಿ ಆಯ್ದು ಬದುಕುತ್ತಿದ್ದ ಬಸುರಿ, ಆಕೆಯ ಗಂಡ, ಎಂಟು ವರ್ಷದ ಮಗ, ಈ ಮೂವರನ್ನು ಹಿಡಿದು ಕೆಲವೇ ದಿನಗಳಲ್ಲಿ ಬಾಂಗ್ಲಾದೇಶಕ್ಕೆ ದಬ್ಬಿದರು. ಅಲ್ಲಿನ ಪೊಲೀಸರು ಅವರನ್ನು ಭಾರತದಿಂದ ನುಸುಳಿ ಬಂದವರು ಎಂದು ಜೈಲಿಗೆ ಹಾಕಿದರು. ಕಲ್ಕತ್ತಾ ಹೈಕೋರ್ಟ್ ಗಡಿಪಾರಿನ ಆದೇಶವನ್ನು ರದ್ದು ಮಾಡಿತು. ವಿಚಿತ್ರವೆಂದರೆ ಬಾಂಗ್ಲಾದೇಶದ ಕೋರ್ಟೂ ಇವರು ಭಾರತೀಯರು ಎಂದಿತು. ಆಕೆ ಮಗನೊಂದಿಗೆ ಮರಳಿ ಮಾಲ್ದಾದ ಗಡಿ ದಾಟಿದ್ದು ಡಿಸೆಂಬರ್‌ನಲ್ಲಿ, ಅದೂ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋದ ಮೇಲೆ. ಗೃಹ ಇಲಾಖೆಯ ಸ್ವಂತ ಸೂಚನೆಯಂತೆ ಇಂಥ ಪರಿಶೀಲನೆಗೆ 30 ದಿನಗಳ ಕಾಲಾವಕಾಶ ಇತ್ತು. ಅವಸರಕ್ಕೆ ಬಿದ್ದವರಿಗೆ ಆ ತಾಳ್ಮೆ ಇರಲಿಲ್ಲ.

ದಬ್ಬುವವರು ಮರೆಯುವ ಇನ್ನೊಂದು ಸಂಗತಿ ಉಂಟು. ಗಡಿಪಾರು ಎರಡು ದೇಶಗಳ ನಡುವಿನ ವ್ಯವಹಾರ. ಆಚೆಯವರು ಈತ ನಮ್ಮವನು ಎಂದು ಒಪ್ಪಿದರೆ ಮಾತ್ರ ಕಳಿಸಲು ಸಾಧ್ಯ. ಬಂಧನ ಕೇಂದ್ರದಲ್ಲಿರುವ 63 ಮಂದಿಯನ್ನು ಏಕೆ ಕಳಿಸಿಲ್ಲ, ಮುಹೂರ್ತಕ್ಕೆ ಕಾಯುತ್ತಿದ್ದೀರಾ ಎಂದು 2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅಸ್ಸಾಂ ಸರ್ಕಾರವನ್ನು ಕೇಳಿತು. ಅವರ ವಿದೇಶಿ ವಿಳಾಸ ನಮಗೆ ಗೊತ್ತಿಲ್ಲ ಎಂಬುದು ಸರ್ಕಾರದ ಉತ್ತರ. ವಿಳಾಸ ಗೊತ್ತಿಲ್ಲದವನನ್ನು ಬಾಂಗ್ಲಾದೇಶದವನು ಎಂದು ಯಾವ ಆಧಾರದ ಮೇಲೆ ತೀರ್ಮಾನಿಸಿದಿರಿ ಎಂಬ ಮರುಪ್ರಶ್ನೆ ಅಲ್ಲೇ ಇದೆ. ನಮ್ಮ ನೆಲಮಂಗಲದ ಹತ್ತಿರ ಸೊಂಡೆಕೊಪ್ಪದಲ್ಲಿ ಹಾಸ್ಟೆಲ್ ಕಟ್ಟಡವನ್ನೇ ವಿದೇಶಿಯರ ಬಂಧನ ಕೇಂದ್ರವಾಗಿ ಮಾಡಿದ್ದಾರೆ. ಗೋಡೆ ಎತ್ತರಿಸಿ ತಂತಿ ಬಿಗಿಯುವುದು ಸುಲಭದ ಕೆಲಸ. ಒಳಗಿದ್ದವನ ದೇಶ ಯಾವುದೆಂದು ಆ ದೇಶದಿಂದಲೇ ಬರೆಸಿಕೊಳ್ಳುವುದು ಕಷ್ಟದ ಕೆಲಸ. ನಾವು ಸುಲಭದ್ದನ್ನಷ್ಟೇ ಮಾಡಿದ್ದೇವೆ.

ಹಾಗಾದರೆ ನಮಗೆ ಬೇರೆ ದಾರಿಯೇ ಗೊತ್ತಿಲ್ಲವೆ? ಚೆನ್ನಾಗಿ ಗೊತ್ತು. ನೇಪಾಳದೊಂದಿಗೆ ನಮ್ಮ ಗಡಿ 1,750 ಕಿಲೋಮೀಟರಿನಷ್ಟು ಉದ್ದ, ಮುಕ್ತವಾಗಿ ತೆರೆದದ್ದು. 1950ರ ಒಪ್ಪಂದದಂತೆ ನೇಪಾಳಿಗಳು ವೀಸಾ ಇಲ್ಲದೆ ಬಂದು ಇಲ್ಲಿ ವಾಸಿಸಬಹುದು, ದುಡಿಯಬಹುದು. ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟಿನ ಗೇಟಿನಲ್ಲಿ, ಎಷ್ಟೋ ಹೋಟೆಲಿನ ಅಡುಗೆಮನೆಯಲ್ಲಿ ಅವರಿದ್ದಾರೆ. ದೇಶ ಮುಳುಗಲಿಲ್ಲ. ಟಿಬೆಟನ್ನರು 1960ರಿಂದ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿದ್ದಾರೆ. ಆಮೇಲೆ ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಒಡೆಯರಪಾಳ್ಯದಲ್ಲೂ ನೆಲೆಯಾದರು. ಕಾಡು ಕಡಿದು ಮೆಕ್ಕೆಜೋಳ ಬೆಳೆದರು, ಶಾಲೆ ಕಟ್ಟಿದರು, ಮಠ ಕಟ್ಟಿದರು. ಅವರ ಹತ್ತಿರ ನೋಂದಣಿ ಪತ್ರ ಇದೆ, ಕಾಲಕಾಲಕ್ಕೆ ನವೀಕರಣ ಇದೆ, ಯಾರು ಎಲ್ಲಿದ್ದಾರೆ ಎಂದು ಸರ್ಕಾರಕ್ಕೆ ಗೊತ್ತಿದೆ. ರಾಯಚೂರು ಜಿಲ್ಲೆ ಸಿಂಧನೂರಿನ ಆರ್.ಎಚ್. ಕ್ಯಾಂಪುಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರು ಅರ್ಧ ಶತಮಾನದಿಂದ ತುಂಗಭದ್ರಾ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುತ್ತಿದ್ದಾರೆ. ಮನೆಯಲ್ಲಿ ಬಂಗಾಳಿ, ಸಂತೆಯಲ್ಲಿ ಕನ್ನಡ.

ಈ ಮೂರೂ ಕಡೆ ಸರ್ಕಾರ ಮಾಡಿದ್ದು ಒಂದೇ ಕೆಲಸ: ಬಂದವರನ್ನು ಬರೆದುಕೊಂಡಿತು, ಇಲ್ಲವೇ ಬರುವ ದಾರಿಯನ್ನು ಕಾನೂನಿನೊಳಗೆ ತಂದಿತು. ಕೊರತೆಗಳಿಲ್ಲ ಎಂದಲ್ಲ. ಇಲ್ಲೇ ಹುಟ್ಟಿದ ಟಿಬೆಟನ್ ಮೊಮ್ಮಗನೂ ಇನ್ನೂ ನೋಂದಣಿ ಪತ್ರ ಹಿಡಿದೇ ಓಡಾಡಬೇಕು. ಸಿಂಧನೂರಿನಲ್ಲಿ ಕೆಲವರಿಗೆ ಪೌರತ್ವದ ಪತ್ರ ಸಿಕ್ಕಿದ್ದು 2024ರಲ್ಲಿ. ಅದೇನೇ ಇರಲಿ, ಜೆಸಿಬಿಯಿಂದ ಆಗದ ಕೆಲಸ ರಿಜಿಸ್ಟರಿನಿಂದ ಆಯಿತು.

ಅಕ್ರಮ ವಲಸೆಯನ್ನು ಜೀವಂತ ಇಟ್ಟಿರುವವರು ಯಾರು ಎಂದು ತಿಳಿಯಬೇಕಾದರೆ ಬೆಂಗಳೂರಿನ ಪೂರ್ವ ಅಂಚಿನ ತೂಬರಹಳ್ಳಿ, ವರ್ತೂರು ಕಡೆಯ ಖಾಲಿ ಸೈಟುಗಳನ್ನು ನೋಡಬೇಕು. ನೀಲಿ ಟಾರ್ಪಾಲು, ತುಕ್ಕು ತಗಡು, ಹಳೆಯ ಫ್ಲೆಕ್ಸ್ ಬ್ಯಾನರು ಸೇರಿಸಿ ಕಟ್ಟಿದ ಶೆಡ್ಡುಗಳ ಸಾಲು. ಗಂಡಸರು ನಗರದ ಒಣಕಸ ತಂದು ಸುರಿದು ಹಾಲಿನ ಕವರು ಒಂದು ಕಡೆ, ನೀರಿನ ಬಾಟಲಿ ಒಂದು ಕಡೆ, ರಟ್ಟು ಒಂದು ಕಡೆ ವಿಂಗಡಿಸುತ್ತಾರೆ. ಹೆಂಗಸರು ಎದುರಿನ ಅಪಾರ್ಟ್‌ಮೆಂಟಿನಲ್ಲಿ ಪಾತ್ರೆ ತೊಳೆಯಲು ಹೋಗುತ್ತಾರೆ. ಜಾಗದ ಮಾಲೀಕ ಶೆಡ್ಡಿಗಿಷ್ಟು ಎಂದು ಪ್ರತಿ ತಿಂಗಳು ನಗದು ಎಣಿಸಿಕೊಳ್ಳುತ್ತಾನೆ. ಕರಾರು ಪತ್ರ ಇಲ್ಲ, ರಸೀದಿ ಇಲ್ಲ. ಪ್ರತಿ ಶೆಡ್ಡಿನಲ್ಲೂ ಒಂದು ಪ್ಲಾಸ್ಟಿಕ್ ಕವರು ನೇತಾಡುತ್ತಿರುತ್ತದೆ. ಅದರೊಳಗೆ ಲ್ಯಾಮಿನೇಟ್ ಮಾಡಿದ ಆಧಾರ್, ವೋಟರ್ ಕಾರ್ಡು, ಅಪ್ಪನ ಹೆಸರಿರುವ ಹಳೆಯ ಮತದಾರರ ಪಟ್ಟಿಯ ಜೆರಾಕ್ಸು. ಒಂದರಲ್ಲಿ ಶೇಖ್ ಎಂದಿದ್ದರೆ ಇನ್ನೊಂದರಲ್ಲಿ ಸೇಖ್. ಅಲ್ಲಿರುವವರಲ್ಲಿ ಹೆಚ್ಚಿನವರು ಬಂಗಾಳ, ಅಸ್ಸಾಂ ಕಡೆಯ ಭಾರತೀಯರು. ನಡುವೆ ಗಡಿ ದಾಟಿ ಬಂದವರೂ ಕೆಲವರಿದ್ದಾರು. ತಪಾಸಣೆಗೆ ಬಂದವರಿಗೆ ಇಬ್ಬರ ನಡುವೆ ವ್ಯತ್ಯಾಸ ಕಾಣುವುದಿಲ್ಲ, ಏಕೆಂದರೆ ಇಬ್ಬರೂ ಮಾತಾಡುವುದು ಬಂಗಾಳಿಯನ್ನೇ.

ಈ ವ್ಯವಸ್ಥೆಯಲ್ಲಿ ಲಾಭ ಯಾರಿಗೆ? ಜಾಗದ ಮಾಲೀಕನಿಗೆ, ಕಸದ ಗುತ್ತಿಗೆದಾರನಿಗೆ, ಕೂಲಿ ಹಿಡಿಯುವ ಮೇಸ್ತ್ರಿಗೆ, ನಕಲಿ ಕಾರ್ಡು ಮಾಡಿಕೊಡುವ ದಲ್ಲಾಳಿಗೆ. ಕೊಡಗಿನ ತೋಟಗಳ ಲೈನ್ ಮನೆಗಳಲ್ಲೂ ಕಾಫಿ ಕೊಯ್ಲಿಗೆ ಅಸ್ಸಾಮಿನಿಂದ ಬಂದ ಕೂಲಿಗಳಿದ್ದಾರೆ. ಅವರಲ್ಲಿ ಬಾಂಗ್ಲಾದೇಶಿಯರಿದ್ದಾರೆ ಎಂಬ ಗುಲ್ಲು ಆಗಾಗ ಏಳುತ್ತದೆ. ಪೊಲೀಸರು ತೋಟಗಳಿಂದ ಕೂಲಿಗಳ ದಾಖಲೆ ಕೇಳುತ್ತಾರೆ. ಕೊಯ್ಲು ಮುಗಿಯುವ ತನಕ ಎಲ್ಲರೂ ಸುಮ್ಮನಾಗುತ್ತಾರೆ. ಹೊರಗಿನವರು ಬಂದು ಸ್ಥಳೀಯರ ಕೂಲಿ ಕೆಡಿಸುತ್ತಾರೆ ಎಂಬ ದೂರು ಸುಳ್ಳಲ್ಲ. ಆದರೆ ಹೊರಗಿನಿಂದ ಬಂದವನ ಕೂಲಿ ಅಗ್ಗವಾಗಿರುವುದು ಅವನ ಬಾಯಿ ಮುಚ್ಚಿರುವುದರಿಂದ. ಕನಿಷ್ಠ ಕೂಲಿ ಕೊಡಿ ಎಂದು ಕಾರ್ಮಿಕ ಇಲಾಖೆಗೆ ಹೋದರೆ ಮೊದಲು ತಾನೇ ಒಳಗೆ ಹೋಗಬೇಕಾಗುತ್ತದೆ ಎಂಬ ಭಯ ಅವನದು. ಗಡಿಪಾರಿನ ಬೆದರಿಕೆ ಅವನನ್ನು ಓಡಿಸುವುದಿಲ್ಲ, ಮಾಲೀಕನಿಗೆ ಒಪ್ಪಿಸುತ್ತದೆ. ಅಂಥವನ ಜೊತೆ ಸ್ಪರ್ಧಿಸಬೇಕಾದ ಯಾದಗಿರಿಯ ಕೂಲಿಗೂ ಅದೇ ಅಗ್ಗದ ದರ ಸಿಗುತ್ತದೆ.

ಈಗ ಗಡಿಯ ಇನ್ನೊಂದು ಬದಿಯಲ್ಲಿ ನಿಂತು ನೋಡೋಣ. 2025ರ ಫೆಬ್ರುವರಿ 5ರಂದು ಅಮೆರಿಕದ ಸೇನಾ ವಿಮಾನ ಅಮೃತಸರದಲ್ಲಿ ಇಳಿಯಿತು. ಅದರಲ್ಲಿದ್ದ 104 ಭಾರತೀಯರಲ್ಲಿ ಹೆಚ್ಚಿನವರನ್ನು ಕೈಗೆ ಕೋಳ, ಕಾಲಿಗೆ ಸರಪಳಿ ಹಾಕಿ ತಂದಿದ್ದರು. ದೇಶಕ್ಕೆ ದೇಶವೇ ಕೆರಳಿತು. ಅಮೆರಿಕದಲ್ಲಿ ದಾಖಲೆಯಿಲ್ಲದೆ ಇರುವ ಭಾರತೀಯರು ಏಳು ಲಕ್ಷದಷ್ಟಿದ್ದಾರೆ ಎಂದು ಪ್ಯೂ ಸಂಶೋಧನಾ ಕೇಂದ್ರ ಅಂದಾಜು ಮಾಡಿತ್ತು. ಅವರು ಹೊಟ್ಟೆಪಾಡಿಗೆ ಹೋದವರು, ನಮ್ಮಲ್ಲಿಗೆ ಬಂದವರು ಮಾತ್ರ ದೇಶ ಒಡೆಯಲು ಬಂದವರು ಎನ್ನುವುದು ಯಾವ ನ್ಯಾಯ? ಭಟ್ಕಳ, ಉಡುಪಿ, ಮಂಗಳೂರಿನವರಿಗೆ ಕೊಲ್ಲಿ ದೇಶ ಬಿಟ್ಟು ಹೊರಡಲು ಸಿಗುವ ಔಟ್‌ಪಾಸ್ ಎಂಬ ಪತ್ರ ಗೊತ್ತಿರುತ್ತದೆ. ವೀಸಾ ಮುಗಿದರೂ ಉಳಿದುಕೊಂಡವರಿಗೆ ಯುಎಇ ಆಗಾಗ ಕ್ಷಮಾದಾನದ ಅವಧಿ ಘೋಷಿಸುತ್ತದೆ. 2024ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಅಂಥದ್ದೇ ಅವಧಿ ಇತ್ತು. ಅದು ಹೇಳುವುದು ಇಷ್ಟೇ: ಬಂದು ಹೆಸರು ಹೇಳಿ. ದಂಡವಿಲ್ಲದೆ ಊರಿಗೆ ಹೋಗಿ, ಇಲ್ಲವೇ ಕೆಲಸ ತೋರಿಸಿ ಸಕ್ರಮ ಮಾಡಿಕೊಳ್ಳಿ. ಪೌರತ್ವದ ಮಾತೇ ಎತ್ತದ ಅರಬ್ ದೊರೆಗಳಿಗೆ ಹೊಳೆದ ಈ ಉಪಾಯ ಪ್ರಜಾಪ್ರಭುತ್ವದ ನಮಗೆ ಹೊಳೆದಿಲ್ಲ.

ದೆಹಲಿಗೆ ಇದು ಹೊಸ ವಿದ್ಯೆಯೂ ಅಲ್ಲ. ಫ್ರಾನ್ಸ್ ಜೊತೆ 2018ರಲ್ಲಿ, ಬ್ರಿಟನ್ ಜೊತೆ 2021ರಲ್ಲಿ, ಜರ್ಮನಿ ಜೊತೆ 2022ರಲ್ಲಿ ಭಾರತ ವಲಸೆ ಒಪ್ಪಂದ ಮಾಡಿಕೊಂಡಿದೆ. ಬ್ರಿಟನ್ನಿನೊಂದಿಗಿನ ಒಪ್ಪಂದದ ತಿರುಳು ಸರಳ: ನೀವು ನಮ್ಮ ಯುವಕರಿಗೆ ಕಾನೂನಿನ ದಾರಿ ತೆರೆಯಿರಿ, ನಿಮ್ಮಲ್ಲಿ ಅಕ್ರಮವಾಗಿ ಇರುವ ನಮ್ಮವರನ್ನು ನಾವು ವಾಪಸು ಕರೆಸಿಕೊಳ್ಳುತ್ತೇವೆ. ಲಂಡನ್ನಿನ ಮುಂದೆ ನ್ಯಾಯ ಎನಿಸಿದ್ದು ಢಾಕಾದ ಮುಂದೆ ದೇಶದ್ರೋಹ ಆಗುವುದು ಹೇಗೆ?

ಹಾಗಾಗಿ ಆಗಬೇಕಾದ ಕೆಲಸಗಳು ಇವು. ಮೊದಲನೆಯದು, ಬಂದವರನ್ನು ವಿಂಗಡಿಸುವ ಕಾನೂನು. ಜೀವಭಯದಿಂದ ಓಡಿ ಬಂದವನು ಬೇರೆ, ಕೂಲಿಗೆ ಬಂದವನು ಬೇರೆ, ಕಳ್ಳಸಾಗಣೆಗೆ ಬಂದವನು ಬೇರೆ. ಭಾರತ 1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಸ್ವಂತ ಕಾನೂನನ್ನೂ ಮಾಡಿಲ್ಲ. ನಿವೃತ್ತ ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ನೇತೃತ್ವದಲ್ಲಿ ದಶಕಗಳ ಹಿಂದೆಯೇ ಒಂದು ಮಾದರಿ ಕಾನೂನು ಸಿದ್ಧವಾಗಿತ್ತು. ಅದು ಕಪಾಟಿನಲ್ಲೇ ಉಳಿಯಿತು. ಪೌರತ್ವ ತಿದ್ದುಪಡಿ ಕಾಯ್ದೆ ಆ ಜಾಗ ತುಂಬಲಾರದು. ಮೂರು ದೇಶ, ಆರು ಧರ್ಮ, ಒಂದು ಗಡುವು ಎಂದು ಗೆರೆ ಎಳೆದ ಆ ಕಾಯ್ದೆಯಲ್ಲಿ ಶ್ರೀಲಂಕಾದ ತಮಿಳು ಹಿಂದೂವಿಗೂ ಜಾಗವಿಲ್ಲ, ಮ್ಯಾನ್ಮಾರ್‌ನಿಂದ ಮಿಜೋರಾಮಿಗೆ ಓಡಿ ಬಂದ ಚಿನ್ ಕ್ರೈಸ್ತರಿಗೂ ಜಾಗವಿಲ್ಲ. ಆಶ್ರಯದ ಅರ್ಜಿಯನ್ನು ಧರ್ಮ ನೋಡದೆ, ಗೊತ್ತಾದ ಅವಧಿಯೊಳಗೆ ತೀರ್ಮಾನಿಸುವ ಪ್ರಾಧಿಕಾರ ಬೇಕು.

ಎರಡನೆಯದು, ಬಾಂಗ್ಲಾದೇಶದೊಂದಿಗೆ ಕೆಲಸದ ಪರವಾನಗಿಯ ಒಪ್ಪಂದ. ಕಟ್ಟಡ, ತೋಟ, ಕಸ ವಿಂಗಡಣೆಯಂಥ ಕ್ಷೇತ್ರಗಳಿಗೆ ಎರಡು ಮೂರು ವರ್ಷದ ಪರವಾನಗಿ, ಬೆರಳಚ್ಚಿನ ದಾಖಲೆ, ಮುಗಿದ ಮೇಲೆ ವಾಪಸು ಹೋದವರಿಗೆ ಮತ್ತೆ ಬರುವ ಅವಕಾಶ. ಥಾಯ್ಲೆಂಡ್ ತನ್ನ ನೆರೆಯ ಮ್ಯಾನ್ಮಾರ್, ಕಾಂಬೋಡಿಯ, ಲಾವೋಸ್‌ನ ಕೂಲಿಗಳನ್ನು ಹೀಗೆ ನೋಂದಾಯಿಸಿಕೊಂಡಿದೆ. ಬಾಗಿಲು ತೆರೆದರೆ ಪ್ರವಾಹವೇ ನುಗ್ಗುತ್ತದೆ ಎನ್ನುವವರು ಹಳೆಯ ಬಾಂಗ್ಲಾದೇಶವನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದಾರೆ. 2020ರಲ್ಲಿ ಐಎಂಎಫ್ ಲೆಕ್ಕದಲ್ಲಿ ಅದರ ತಲಾ ಆದಾಯ ನಮ್ಮದನ್ನು ಒಂದಿಷ್ಟು ದಾಟುವ ಮಟ್ಟಕ್ಕೆ ಬಂದಿತ್ತು. ಸಿದ್ಧ ಉಡುಪಿನ ಕಾರ್ಖಾನೆಗಳಲ್ಲೇ ಅಲ್ಲಿ 40 ಲಕ್ಷದಷ್ಟು ಜನ ದುಡಿಯುತ್ತಾರೆ.

ಮೂರನೆಯದು, ಈಗಾಗಲೇ ಇಲ್ಲಿರುವವರಿಗೆ ಒಂದೇ ಸಲದ ನೋಂದಣಿ. ಒಂದು ಗಡುವಿನ ಹಿಂದೆ ಬಂದವರು, ಅಪರಾಧದ ಹಿನ್ನೆಲೆ ಇಲ್ಲದವರು ಹೆಸರು ಬರೆಸಿ ವಾಸದ ಪರವಾನಗಿ ಪಡೆಯಲಿ. ಮತದಾನದ ಹಕ್ಕು ಬೇಡ. ಇದು ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ಪೌರತ್ವ ಕಾಯ್ದೆಯ 6ಎ ಕಲಮಿನಲ್ಲಿ, 1966ರಿಂದ 1971ರ ಮಾರ್ಚ್ 24ರ ತನಕ ಅಸ್ಸಾಮಿಗೆ ಬಂದವರಿಗೆ ಹತ್ತು ವರ್ಷ ಮತದಾನ ಬಿಟ್ಟು ಉಳಿದೆಲ್ಲ ಹಕ್ಕು ಕೊಡುವ ಏರ್ಪಾಡು ಇದೆ. 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ದುಡಿಯುವ ಹಕ್ಕನ್ನೂ ವೋಟಿನ ಹಕ್ಕನ್ನೂ ಬೇರೆಬೇರೆ ಮಾಡಿದರೆ ವೋಟ್ ಬ್ಯಾಂಕಿನ ವಾದಕ್ಕೆ ನೆಲೆಯೇ ಉಳಿಯುವುದಿಲ್ಲ. ಬದುಕಲು ಬೇರೆ ಕಾಗದ ಸಿಗದಿರುವವರೆಗೆ ನಕಲಿ ವೋಟರ್ ಕಾರ್ಡಿನ ದಂಧೆ ನಿಲ್ಲುವುದಿಲ್ಲ.

ನಾಲ್ಕನೆಯದು, ಹಿಡಿಯುವ ಕ್ರಮ. ಮೊದಲ ಪುರಾವೆ ಸರ್ಕಾರ ಕೊಡಲಿ, ಆಮೇಲೆ ಆರೋಪಿ ಉತ್ತರಿಸಲಿ. ನ್ಯಾಯಾಂಗದಿಂದ ಬಂದವರು ನ್ಯಾಯಮಂಡಳಿಯಲ್ಲಿರಲಿ, ಬಡವನಿಗೆ ವಕೀಲ ಸಿಗಲಿ, ಆಚೆಯ ದೇಶ ಲಿಖಿತವಾಗಿ ಒಪ್ಪದೆ ಯಾರನ್ನೂ ಗಡಿ ದಾಟಿಸದಿರಲಿ. ಐದನೆಯದು, ದಂಡ ಬೀಳಬೇಕಾದ ಕಡೆ ಬೀಳಲಿ. ದಾಖಲೆಯಿಲ್ಲದವರನ್ನು ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಂಡ ಗುತ್ತಿಗೆದಾರನ ಪರವಾನಗಿ ಹೋಗಲಿ. ಜೊತೆಗೆ ಜನನ ನೋಂದಣಿಯನ್ನು ಕಟ್ಟಕಡೆಯ ತಾಂಡಾ, ಹಾಡಿಗೂ ಮುಟ್ಟಿಸಲಿ. ತಮ್ಮ ಪ್ರಜೆಗಳಿಗೇ ಜನನ ಪತ್ರ ಕೊಡಲಾರದ ಸರ್ಕಾರಗಳು ಅದೇ ಪತ್ರವನ್ನು ಅವರಿಂದ ಕೇಳುವುದು ಅನ್ಯಾಯ.

ಭದ್ರತೆಯ ಮಾತು ಎತ್ತುವವರಿಗೆ ಉತ್ತರ ಕೊಡಲೇಬೇಕು. ಭಯೋತ್ಪಾದಕ ಬರಬಹುದು, ಮಾನವ ಕಳ್ಳಸಾಗಣೆ ಇದೆ, ಖೋಟಾ ನೋಟಿನ ಜಾಲ ಇದೆ. ಗಡಿ ಕಾಯುವವರಿಗೆ ಬಲ ಬೇಕು. ಸಮಸ್ಯೆಯೇ ಇಲ್ಲ, ಎಲ್ಲ ಕಟ್ಟುಕತೆ ಎಂದು ಕೈ ತೊಳೆದುಕೊಳ್ಳುವ ಉದಾರವಾದಿಗಳೂ ಈ ಗೊಂದಲಕ್ಕೆ ತಮ್ಮ ಪಾಲು ಸೇರಿಸಿದ್ದಾರೆ. ಆದರೆ ಪೊಲೀಸರು ಗುಜರಿ ಆಯುವವನ ಆಧಾರ್ ತಿರುಗಿಸಿ ನೋಡುತ್ತ ಕೂತ ಹೊತ್ತಿನಲ್ಲಿ ನಿಜವಾದ ಅಪಾಯಕಾರಿ ಅಪ್ಪಟ ದಾಖಲೆ ಹಿಡಿದು ವಿಮಾನ ನಿಲ್ದಾಣದಿಂದಲೇ ಹೊರಬರುತ್ತಾನೆ. ಹೆಸರು ಬರೆಸಿದ ಲಕ್ಷ ಜನ ಪಟ್ಟಿಯೊಳಗೆ ಬಂದರೆ ಹೊರಗೆ ಉಳಿದ ನೂರು ಜನರ ಮೇಲೆ ಕಣ್ಣಿಡುವುದು ಸುಲಭ.

ಢಾಕಾದೊಂದಿಗೆ ಈಗಿನ ಸಂಬಂಧದಲ್ಲಿ ಒಪ್ಪಂದ ಸಾಧ್ಯವೇ ಎಂದು ಕೇಳಬಹುದು. ಕಷ್ಟವೇ, ಆದರೆ ಅಸಾಧ್ಯವಲ್ಲ. ಗಡಿಯ ಎರಡೂ ಬದಿ ಸಿಕ್ಕಿಕೊಂಡಿದ್ದ 162 ತುಂಡು ಪ್ರದೇಶಗಳ ವಿನಿಮಯದ ಒಪ್ಪಂದಕ್ಕೆ 1974ರಲ್ಲೇ ಸಹಿ ಬಿದ್ದಿತ್ತು. ಅದು ಜಾರಿಯಾಗಿದ್ದು 2015ರಲ್ಲಿ, ನರೇಂದ್ರ ಮೋದಿ ಸರ್ಕಾರದ ಕಾಲದಲ್ಲಿ, ಎಲ್ಲ ಪಕ್ಷಗಳ ಬೆಂಬಲದಿಂದ. ಮನೆಮನೆಗೆ ಹೋಗಿ ನಿಮಗೆ ಯಾವ ದೇಶ ಬೇಕು ಎಂದು ಕೇಳಿ ಬರೆದುಕೊಂಡರು. ಹದಿನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಭಾರತದ ಪ್ರಜೆಗಳಾದರು. ಅವರಲ್ಲಿ ಬಹುಪಾಲು ಬಂಗಾಳಿ ಮುಸ್ಲಿಮರು. ಲಾಠಿ ಎತ್ತಲಿಲ್ಲ, ದೇಶಕ್ಕೆ ಏನೂ ಆಗಲಿಲ್ಲ.

ಮುಂದಿನ ಚುನಾವಣೆಯಲ್ಲಿ ಅಕ್ರಮ ವಲಸಿಗರನ್ನು ಒದ್ದೋಡಿಸುತ್ತೇನೆ ಎಂದು ಯಾರಾದರೂ ಮತ ಕೇಳಲು ಬಂದರೆ ಮೂರು ಪ್ರಶ್ನೆ ಕೇಳಿ. ಅವರು ಎಷ್ಟು ಜನ, ಎಣಿಸಿದವರು ಯಾರು? ಅವರನ್ನು ವಾಪಸು ತೆಗೆದುಕೊಳ್ಳುತ್ತೇವೆ ಎಂದು ಬರೆದುಕೊಟ್ಟ ದೇಶ ಯಾವುದು? ಅವರನ್ನು ಅರ್ಧ ಕೂಲಿಗೆ ದುಡಿಸಿಕೊಂಡ ಎಷ್ಟು ಮಂದಿ ಮಾಲೀಕರನ್ನು ನಿಮ್ಮ ಸರ್ಕಾರ ಜೈಲಿಗೆ ಕಳಿಸಿದೆ? ಮೂರಕ್ಕೂ ಉತ್ತರ ಕೊಟ್ಟವರಿಗೆ ಧಾರಾಳವಾಗಿ ವೋಟು ಹಾಕಿ. ಉತ್ತರ ಇಲ್ಲದವರ ಹತ್ತಿರ ನೀತಿಯೂ ಇಲ್ಲ.